ಹಲ್ಲಿ ಅಟ್ಟಿದ ಕೈಯಲ್ಲಿ ಗೋಸುಂಬೆಗೆ ಹುಳು

ಶಿಡ್ಲಘಟ್ಟದ ಕಡೆಯ, ರೇಷ್ಮೆ ಹುಳು ಸಾಕುವ ನಮ್ಮ ಹುಳುಮನೆಯಲ್ಲಿ ಚಿಕ್ಕಂದಿನಲ್ಲಿ ನನಗೆ ಎರಡು ಕೆಲಸ ಕಾಯಂ ಆಗಿದ್ದವು. ತಟ್ಟೆ ಜೋಡಿಸಿದ ಸ್ಟ್ಯಾಂಡಿನ ನಾಲ್ಕೂ ಕಾಲಿನ ಕೆಳಗೆ ನೀರಿನ ಬಟ್ಟಲು ಇರುತ್ತಿತ್ತು. ಇರುವೆ ಹತ್ತದ ಹಾಗೆ ಆ ನೀರನ್ನು ಆರಗೊಡದೆ ತುಂಬಿಸುವುದು ಒಂದು. ಗೋಡೆಯ ಮೇಲೆ ಹಲ್ಲಿ ಕಂಡ ತಕ್ಷಣ ಪೊರಕೆ ಎತ್ತಿಕೊಂಡು ಅಟ್ಟುವುದು ಇನ್ನೊಂದು. ರೇಷ್ಮೆ ಹುಳುವಿನ ರುಚಿ ಹತ್ತಿದ ಹಲ್ಲಿ ಜಾಗ ಬಿಡುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದರು. ಆ ಮಾತು ಎಷ್ಟು ನಿಜ ಎಂದು ಗೊತ್ತಾದದ್ದು ಈಗ, ಟೆಕ್ಸಾಸಿನಲ್ಲಿ, ಮಗಳು ಹಟ ಹಿಡಿದು ತರಿಸಿಕೊಂಡ ಗೋಸುಂಬೆಯ ಮುಂದೆ ಚಿಮಟದಲ್ಲಿ ರೇಷ್ಮೆ ಹುಳು ಹಿಡಿದು ನಿಂತಾಗ. ಐವತ್ತು ಹುಳುವಿನ ಒಂದು ಡಬ್ಬಿಗೆ ನಾನು ತೆರುವ ಹಣಕ್ಕೆ ಊರಿನ ಮಾರುಕಟ್ಟೆಯಲ್ಲಿ ಎರಡು ಕಿಲೋ ರೇಷ್ಮೆ ಗೂಡು ಬರುತ್ತದೆ. ಈ ಲೆಕ್ಕವನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.

ಮುಂದೆ ಹೋಗುವ ಮುನ್ನ ಒಂದು ಮಾತು. ಕರ್ನಾಟಕದ ಹೊಲದ ಬೇಲಿಗಳಲ್ಲಿ, ಕುರುಚಲು ಕಾಡುಗಳಲ್ಲಿ ಸಿಗುವ ನಮ್ಮ ಗೋಸುಂಬೆಯನ್ನು ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ನಾನು ಬರೆಯುತ್ತಿರುವುದು ಹೊರದೇಶಗಳಲ್ಲಿ ಕಾನೂನಿನ ಒಳಗೇ ಸಾಕುವ, ಸಾಕಣೆಯಲ್ಲೇ ಹುಟ್ಟಿದ ಗೋಸುಂಬೆಗಳ ಬಗ್ಗೆ. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು. ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ, ನೆತ್ತಿಯ ಮೇಲೆ ಕಿರೀಟದಂಥ ಏಣು ಇರುವ ವೇಲ್ಡ್ ಒಂದು. ಮಡಗಾಸ್ಕರಿನ ಬಣ್ಣಬಣ್ಣದ ಪ್ಯಾಂಥರ್ ಇನ್ನೊಂದು. ನಮ್ಮ ಮನೆಯದು ವೇಲ್ಡ್ ಜಾತಿಯ ಗಂಡು. ಮಗಳು ಪಚ್ಚಿ ಎಂದು ಹೆಸರಿಟ್ಟಿದ್ದಾಳೆ. ಅದು ಹಸಿರಾಗಿರುವುದು ಅದರ ಮನಸ್ಸು ನೆಟ್ಟಗಿದ್ದಾಗ ಮಾತ್ರ.

ಸಾಕುಪ್ರಾಣಿಗಳ ಅಂಗಡಿಯಲ್ಲಿ ‘ವರ್ಮ್’ ಎಂಬ ಬಾಲ ಹಚ್ಚಿ ಹತ್ತಾರು ಬಗೆ ಮಾರುತ್ತಾರೆ. ಮೀಲ್‌ವರ್ಮ್, ಸೂಪರ್‌ವರ್ಮ್, ವ್ಯಾಕ್ಸ್‌ವರ್ಮ್, ಹಾರ್ನ್‌ವರ್ಮ್. ಇವುಗಳಲ್ಲಿ ಒಂದೂ ಎರೆಹುಳುವಿನ ನೆಂಟನಲ್ಲ. ಕೆಲವು ಜೀರುಂಡೆಯ ಮರಿಗಳು, ಕೆಲವು ಪತಂಗದವು, ಒಂದು ನೊಣದ್ದು. ಅಂದರೆ ರೆಕ್ಕೆ ಬರುವ ಮುಂಚಿನ ಮರಿಹುಳುಗಳು. ಇದು ಹೆಸರಿನ ಜಗಳ ಮಾತ್ರ ಅಲ್ಲ. ಮರಿಹುಳು ಮುಂದೆ ಕೋಶದೊಳಗೆ ಉಪವಾಸ ಕೂತು ರೂಪ ಬದಲಿಸಬೇಕು. ಆ ದಿನಗಳಿಗಾಗಿ ಈಗಲೇ ಕೊಬ್ಬು ಕೂಡಿಡುತ್ತದೆ. ಆದ್ದರಿಂದ ಚಿಮ್ಮುವ ಮಿಡತೆಗಿಂತ, ಓಡುವ ಜಿರಲೆಗಿಂತ ಹುಳುಗಳು ಸಾಮಾನ್ಯವಾಗಿ ಜಿಡ್ಡು ಜಾಸ್ತಿಯ ಊಟ. ಇದಕ್ಕೆ ಒಂದೆರಡು ಅಪವಾದಗಳಿವೆ, ಅವುಗಳಲ್ಲಿ ಒಂದು ನಮ್ಮೂರಿನದೇ.

ಕೊಬ್ಬಿಗಿಂತ ದೊಡ್ಡ ತೊಡಕು ಸುಣ್ಣದ ಅಂಶದ್ದು. ಹುಳುವಿಗೆ ಮೂಳೆ ಇಲ್ಲ. ಮೈಯ ಹೊರಗವಚವೇ ಅದರ ಅಸ್ಥಿಪಂಜರ, ಅದು ಕೈಟಿನ್ ಎಂಬ ನಾರಿನಂಥ ವಸ್ತುವಿನದು. ಹೀಗಾಗಿ ಬಹುಪಾಲು ಹುಳುಗಳ ಮೈಯಲ್ಲಿ ಕ್ಯಾಲ್ಸಿಯಂ ಹೆಸರಿಗಷ್ಟೇ ಇರುತ್ತದೆ, ರಂಜಕ (ಫಾಸ್ಫರಸ್) ಮಾತ್ರ ಧಾರಾಳವಾಗಿ ಇರುತ್ತದೆ. ಒಂದು ಕಿಲೋ ಮೀಲ್‌ವರ್ಮ್ ತೆಗೆದುಕೊಂಡರೆ ಅದರಲ್ಲಿ ರಂಜಕ ಸುಮಾರು 2,850 ಮಿಲಿಗ್ರಾಂ. ಕ್ಯಾಲ್ಸಿಯಂ 170ರ ಆಸುಪಾಸು. ಒಂದಕ್ಕೆ ಹದಿನೇಳು. ಗೋಸುಂಬೆಗೆ ಬೇಕಾದದ್ದು ಇದರ ತಿರುವುಮುರುವು: ರಂಜಕ ಒಂದು ಪಾಲಾದರೆ ಕ್ಯಾಲ್ಸಿಯಂ ಕನಿಷ್ಠ ಒಂದು, ಸಾಧ್ಯವಾದರೆ ಎರಡು. ಊಟದಲ್ಲಿ ರಂಜಕ ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಾದಾಗ ದೇಹ ರಕ್ತದ ಲೆಕ್ಕ ಸರಿಮಾಡಲು ತನ್ನ ಮೂಳೆಯಿಂದಲೇ ಸಾಲ ಎತ್ತುತ್ತದೆ. ಆ ಸಾಲ ತೀರುವುದೇ ಇಲ್ಲ.

ಪರಿಚಯದವರೊಬ್ಬರ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಆರೇಳು ತಿಂಗಳ ಮರಿ, ತಿನ್ನುವುದಕ್ಕೇನೂ ಕೊರತೆ ಇರಲಿಲ್ಲ. ದಿನಾ ಬಟ್ಟಲು ತುಂಬ ಮೀಲ್‌ವರ್ಮ್, ಅದೊಂದೇ. ಮುಂಗಾಲುಗಳು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ್ದವು. ಕೊಂಬೆಯನ್ನು ಹಿಡಿಯುವ ಬದಲು ಮೊಣಕೈಯನ್ನು ಅದಕ್ಕೆ ಊರಿಕೊಂಡು ಕೂತಿತ್ತು. ಹುಳು ತೋರಿಸಿದರೆ ಕಣ್ಣು ಗುರಿ ಇಟ್ಟಿತು, ಬಾಯಿ ತೆರೆಯಿತು, ನಾಲಿಗೆ ಒಂದು ಅಂಗುಲ ಹೊರಬಂದು ಜೋತುಬಿತ್ತು. ತನ್ನ ಮೈಯ ಉದ್ದವನ್ನೂ ಮೀರಿ ಬಾಣದಂತೆ ಚಿಮ್ಮಬೇಕಾದ ನಾಲಿಗೆ ಅದು. ವೈದ್ಯರು ಔಷಧ ಕೊಟ್ಟು ಉಳಿಸಿದರು, ಆದರೆ ಬಾಗಿದ ಕಾಲು ನೆಟ್ಟಗಾಗಲಿಲ್ಲ. ಹಸಿವಿನಿಂದ ಸೊರಗಿದ ಪ್ರಾಣಿಯಾಗಿದ್ದರೆ ಮನೆಯವರಿಗೆ ಮೊದಲೇ ಗೊತ್ತಾಗುತ್ತಿತ್ತು. ಹೊಟ್ಟೆ ತುಂಬಿದ್ದರಿಂದಲೇ ಯಾರಿಗೂ ಅನುಮಾನ ಬರಲಿಲ್ಲ.

ಹಾಗಾದರೆ ಯಾವ ಹುಳು ಒಳ್ಳೆಯದು? ಅಂಗಡಿಯವರು ಈ ಪ್ರಶ್ನೆಗೆ ತಮ್ಮಲ್ಲಿರುವ ಸರಕನ್ನು ನೋಡಿ ಉತ್ತರ ಹೇಳುತ್ತಾರೆ. ನನ್ನ ಉತ್ತರ ಬೇರೆ. ಹುಳು ಅಂದರೆ ಹೋಳಿಗೆಯ ಕಣಕ. ಒಳಗಿನ ಹೂರಣ ಯಾವುದು, ಮೇಲೆ ಉದುರಿಸಿದ್ದು ಯಾವುದು ಎಂಬುದು ಗೋಸುಂಬೆಯ ಆರೋಗ್ಯವನ್ನು ಹೆಚ್ಚು ನಿರ್ಧರಿಸುತ್ತದೆ. ಆದರೂ ಕಣಕದಲ್ಲಿ ಮೈದಾ ಇದೆ, ಗೋಧಿ ಇದೆ, ಅದನ್ನೂ ನೋಡೋಣ.

ಮೀಲ್‌ವರ್ಮ್ ಹಿಟ್ಟಿನ ಗೋದಾಮುಗಳಲ್ಲಿ ಸೇರಿಕೊಳ್ಳುವ ಕಪ್ಪು ಜೀರುಂಡೆಯ ಮರಿ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ನಿದ್ದೆ ಹೋಗುತ್ತದೆ. ಅದಕ್ಕೇ ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಸಿಪ್ಪೆ ಬಿರುಸು, ಕ್ಯಾಲ್ಸಿಯಂ ಕತೆ ಮೇಲೆ ಹೇಳಿದ್ದೇ. ಪೊರೆ ಕಳಚಿದ ಹೊಸದರಲ್ಲಿ ಹಾಲಿನಂತೆ ಬೆಳ್ಳಗೆ, ಮೆತ್ತಗೆ ಇರುತ್ತವಲ್ಲ, ಅಂಥವನ್ನು ಆರಿಸಿ ವಾರಕ್ಕೆ ನಾಲ್ಕೈದು ಕೊಟ್ಟರೆ ತೊಂದರೆಯಿಲ್ಲ. ನುಂಗಿದ ಮೀಲ್‌ವರ್ಮ್ ಹೊಟ್ಟೆಯನ್ನು ಕೊರೆದು ಹೊರಬರುತ್ತದೆ ಎಂದು ಹೆದರಿಸುವವರು ಸಿಗುತ್ತಾರೆ. ಗೋಸುಂಬೆ ಹುಳುವನ್ನು ಜಗಿದು ನುಂಗುತ್ತದೆ, ಮಿಕ್ಕದ್ದನ್ನು ಜಠರದ ಆಮ್ಲ ನೋಡಿಕೊಳ್ಳುತ್ತದೆ. ಆ ಭಯ ಬೇಡ.

ಸೂಪರ್‌ವರ್ಮ್ ಇದರ ದೊಡ್ಡಣ್ಣನಂತೆ ಕಂಡರೂ ಬೇರೆಯೇ ಜೀರುಂಡೆಯ ಮರಿ. ಎರಡು ಅಂಗುಲದ ಮೈ, ಕೊಬ್ಬು ಶೇಕಡ 17-18, ಜೊತೆಗೆ ಕಚ್ಚುವ ಬಾಯಿ. ಬಟ್ಟಲಿನಲ್ಲಿ ಚುರುಕಾಗಿ ಹೊರಳಾಡುವುದರಿಂದ ಗೋಸುಂಬೆಯ ಕಣ್ಣಿಗೆ ಬೇಗ ಬೀಳುತ್ತದೆ. ಮೀಲ್‌ವರ್ಮ್ ಎಂದೇ ತಿಳಿದು ಇದನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಕಪ್ಪಗಾಗಿ ಸತ್ತು ಬಿದ್ದಿರುತ್ತದೆ. ಇದು ಕೋಣೆಯ ಬೆಚ್ಚಗಿನ ಹವೆಯ ಹುಳು. ಇದರಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ಗುಂಪಿನಲ್ಲಿ ಇರುವಷ್ಟು ಕಾಲ ಇದು ಕೋಶಾವಸ್ಥೆಗೆ ಹೋಗುವುದೇ ಇಲ್ಲ. ಪಕ್ಕದವರ ಮೈ ತಾಗುತ್ತಿರಬೇಕು, ಹಾಗಿದ್ದರೆ ತಿಂಗಳುಗಟ್ಟಲೆ ಹುಳುವಾಗಿಯೇ ಇರುತ್ತದೆ. ಒಂದನ್ನು ಎತ್ತಿ ಪುಟ್ಟ ಡಬ್ಬಿಯಲ್ಲಿ ಒಂಟಿಯಾಗಿ ಇಟ್ಟರೆ ಮಾತ್ರ ಸುರುಳಿ ಸುತ್ತಿಕೊಂಡು ಮುಂದಿನ ರೂಪಕ್ಕೆ ಸಿದ್ಧವಾಗುತ್ತದೆ.

ವ್ಯಾಕ್ಸ್‌ವರ್ಮ್ ಅಂದರೆ ಜೇನುಗೂಡು ಹಾಳುಮಾಡುವ ಮೇಣದ ಪತಂಗದ ಮರಿ. ಕೊಡಗು, ಶಿರಸಿ ಕಡೆಯ ಜೇನು ಸಾಕುವವರನ್ನು ಕೇಳಿದರೆ ಇದರ ಬಗ್ಗೆ ಒಳ್ಳೆಯ ಮಾತು ಬರುವುದಿಲ್ಲ. ಗೋಸುಂಬೆಗೆ ಮಾತ್ರ ಇದು ಜಾಮೂನು. ಮೈಯ ತೂಕದಲ್ಲಿ ಕಾಲುಭಾಗ ಕೊಬ್ಬು. ಚಿಲಿ ದೇಶದಿಂದ ಬರುವ ಕೆಂಪು ಹಳದಿಯ ಬಟರ್‌ವರ್ಮ್ ಇದಕ್ಕೂ ಒಂದು ಕೈ ಮೇಲು. ಕಾಯಿಲೆ ಬಿದ್ದು ಸೊರಗಿದ ಪ್ರಾಣಿಗೆ, ಮೊಟ್ಟೆ ಇಟ್ಟು ಬಳಲಿದ ಹೆಣ್ಣಿಗೆ ಮೈ ತುಂಬಲು ನಾಲ್ಕು ದಿನ ಕೊಡಬಹುದು. ಉಳಿದಂತೆ ಹಬ್ಬದ ದಿನಕ್ಕಷ್ಟೇ. ಇದರ ರುಚಿ ಹತ್ತಿದ ಗೋಸುಂಬೆ ಬೇರೆ ಯಾವುದನ್ನು ತೋರಿಸಿದರೂ ಮುಖ ತಿರುಗಿಸಿ ದಿನಗಟ್ಟಲೆ ಸತ್ಯಾಗ್ರಹ ಹೂಡುತ್ತದೆ. ಪಚ್ಚಿ ಒಮ್ಮೆ ಒಂಬತ್ತು ದಿನ ಉಪವಾಸ ಕೂತಿತ್ತು. ಹತ್ತನೆಯ ದಿನ ಮಿಡತೆಯನ್ನು ತಿಂದಿತು, ಅದೂ ನಾವು ಯಾರೂ ನೋಡದಿದ್ದಾಗ.

ಹಾರ್ನ್‌ವರ್ಮ್‌ಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ತಂಬಾಕು, ಟೊಮೆಟೊ ಗಿಡಗಳನ್ನು ಬೋಳಿಸುವ ದೊಡ್ಡ ಪತಂಗದ ಮರಿ ಇದು, ಬಾಲದ ತುದಿಯಲ್ಲಿ ಒಂದು ಕೊಂಬು. ಅಂಗಡಿಯ ಡಬ್ಬಿಯಲ್ಲಿ ನವಿಲುನೀಲಿ ಬಣ್ಣಕ್ಕೆ ಹೊಳೆಯುತ್ತದೆ, ಹಿತ್ತಲ ಟೊಮೆಟೊ ಗಿಡದಲ್ಲಿ ಅದೇ ಹುಳು ಎಲೆಹಸಿರು. ಕಾರಣ ಊಟ. ಅದರ ಮೈಯಲ್ಲಿ ಇರುವುದು ನೀಲಿ ಬಣ್ಣ. ಎಲೆಯಿಂದ ಬರುವ ಹಳದಿ ಅದಕ್ಕೆ ಕೂಡಿದಾಗ ಹಸಿರಾಗುತ್ತದೆ. ಡಬ್ಬಿಯ ಕೃತಕ ಆಹಾರದಲ್ಲಿ ಆ ಹಳದಿ ಇಲ್ಲ. ಹುಳು ತಿಂದದ್ದು ಹುಳುವಿನ ಮೈಯಾಗುತ್ತದೆ ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ. ಇದೇ ಕಾರಣಕ್ಕೆ ಹಿತ್ತಲ ಗಿಡದಿಂದ ಕಿತ್ತ ಹಾರ್ನ್‌ವರ್ಮ್ ಗೋಸುಂಬೆಗೆ ಕೂಡದು. ತಂಬಾಕಿನ ನಿಕೋಟಿನ್ ಈ ಹುಳುವನ್ನು ಕೊಲ್ಲುವುದಿಲ್ಲ, ಆದರೆ ಎಲೆಯ ವಿಷ ಅದರ ಹೊಟ್ಟೆಯಲ್ಲಿ ಇದ್ದೇ ಇರುತ್ತದೆ. ನಮ್ಮೂರಲ್ಲಿ ಹಿಪ್ಪುನೇರಳೆ ತೋಟದ ಪಕ್ಕ ಹೊಗೆಸೊಪ್ಪು ಹಾಕಿದರೆ ದೊಡ್ಡ ಜಗಳವಾಗುತ್ತದೆ, ಆ ಗಾಳಿ ತಾಗಿದ ಸೊಪ್ಪು ತಿಂದರೂ ರೇಷ್ಮೆ ಹುಳು ಸಾಯುತ್ತದೆ. ಎರಡೂ ಪತಂಗದ ಮರಿಗಳೇ; ಒಂದಕ್ಕೆ ಹೊಗೆಸೊಪ್ಪು ಅನ್ನ, ಇನ್ನೊಂದಕ್ಕೆ ವಿಷ.

ಅಂಗಡಿಯ ಹಾರ್ನ್‌ವರ್ಮ್‌ನಲ್ಲಿ ನೂರಕ್ಕೆ 85 ಭಾಗ ನೀರು. ಬೇಸಿಗೆಯಲ್ಲಿ, ನೀರು ಸರಿಯಾಗಿ ಕುಡಿಯದ ಪ್ರಾಣಿಗೆ ಇದು ಎಳನೀರಿನಂತೆ ಉಪಕಾರಿ. ಮಿತಿಮೀರಿದರೆ ಭೇದಿ. ಬೆಳೆಯುವ ವೇಗವೂ ಭಯಂಕರ. ಬೆರಳುಗುರಿನಷ್ಟಿದ್ದದ್ದನ್ನು ಕೋಣೆಯ ಬಿಸಿಯಲ್ಲಿ ಮರೆತರೆ ಎರಡು ಮೂರು ವಾರದಲ್ಲಿ ಗೇಣಿನ ಅರ್ಧಕ್ಕೆ ಬಂದು, ಗೋಸುಂಬೆಯೇ ಹಿಂದಕ್ಕೆ ಸರಿಯುತ್ತದೆ. 12-13 ಡಿಗ್ರಿ ತಂಪಿನಲ್ಲಿಟ್ಟರೆ ಬೆಳವಣಿಗೆ ನಿಧಾನವಾಗುತ್ತದೆ.

ಲೆಕ್ಕದಲ್ಲಿ ಎಲ್ಲರನ್ನೂ ಸೋಲಿಸುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ಕಪ್ಪು ನೊಣದ ಮರಿ. ಹಸಿಕಸ ಕರಗಿಸಲು ಈಗ ಬೆಂಗಳೂರು ಸುತ್ತಮುತ್ತಲೂ ಇದನ್ನು ಸಾಕುವವರಿದ್ದಾರೆ, ಕೋಳಿ ಮೀನುಗಳಿಗೆ ಹಾಕುತ್ತಾರೆ. ಇದು ತನ್ನ ಚರ್ಮದಲ್ಲೇ ಸುಣ್ಣ ಕೂಡಿಡುವ ಅಪರೂಪದ ಹುಳು: ಕಿಲೋಗೆ ಕ್ಯಾಲ್ಸಿಯಂ 9,000 ಮಿಲಿಗ್ರಾಮಿಗೂ ಹೆಚ್ಚು, ರಂಜಕದ ಎರಡೂವರೆ ಪಟ್ಟು. ಹುಳುಗಳ ಪೈಕಿ ಪುಡಿಯ ಹಂಗಿಲ್ಲದೆ ಕೊಡಬಹುದಾದದ್ದು ಇದೊಂದೇ. ತೊಂದರೆ ಎರಡು. ಚರ್ಮ ಗಟ್ಟಿ, ಜಗಿಯದೆ ನುಂಗಿದರೆ ಇಡಿಯಾಗಿ ಹೊರಬರುವುದೂ ಉಂಟು. ಗಾತ್ರ ಸಣ್ಣದು, ದೊಡ್ಡ ಗೋಸುಂಬೆಗೆ ಅಕ್ಕಿಕಾಳಿನ ಲೆಕ್ಕ. ಪಚ್ಚಿ ಕಣ್ಣೆತ್ತಿಯೂ ನೋಡಲಿಲ್ಲ. ಕೊನೆಗೆ ಹುಳುವಿನ ಬಟ್ಟಲನ್ನು ಪಂಜರದಲ್ಲೇ ಮರೆತೆ. ಅವು ಕಪ್ಪಾಗಿ, ಕೋಶವಾಗಿ, ಎರಡು ವಾರದ ಮೇಲೆ ಒಂದೊಂದೇ ನೊಣವಾಗಿ ಎದ್ದವು. ಆಗ ನೋಡಬೇಕಿತ್ತು! ಮೂಲೆ ಹಿಡಿದು ಕೂರುವ ಸೋಮಾರಿ ಇಡೀ ಮಧ್ಯಾಹ್ನ ಬಲೆಯ ಗೋಡೆಯುದ್ದಕ್ಕೂ ಬೇಟೆಯಾಡಿತು. ಅಂದಿನಿಂದ ಬೇಕೆಂದೇ ಮರೆಯುತ್ತೇನೆ.

ಇನ್ನು ರೇಷ್ಮೆ ಹುಳು. ಮೈಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಭಾಗ ನೀರು, ಒಂಬತ್ತು ಭಾಗ ಪ್ರೋಟೀನು, ಕೊಬ್ಬು ಒಂದೂವರೆಯೂ ಇಲ್ಲ. ಬಿರುಸು ಸಿಪ್ಪೆ ಇಲ್ಲ, ಕಚ್ಚುವುದಿಲ್ಲ, ವಾಸನೆ ಇಲ್ಲ, ಓಡಿಹೋಗುವುದಿಲ್ಲ. ಕೊಂಬೆಯ ಮೇಲೆ ಬಿಟ್ಟರೆ ಅಲ್ಲೇ ಅಂಟಿಕೊಂಡು ತಲೆ ಎತ್ತಿ ಅತ್ತಿತ್ತ ತೂಗುತ್ತದೆ, ಗೋಸುಂಬೆಯ ನಾಲಿಗೆಗೆ ಅಷ್ಟು ಕರೆ ಸಾಕು. ದಿನನಿತ್ಯಕ್ಕೆ ಆಗುವ ಹುಳು ಯಾವುದು ಎಂದು ಕೇಳಿದರೆ ನಾನು ಇದನ್ನೇ ಮೊದಲು ಹೇಳುವುದು, ಮತ್ತು ಇದರಲ್ಲಿ ನನ್ನ ಊರಿನ ಅಭಿಮಾನ ಸೇರಿಲ್ಲ ಎಂದು ಪ್ರಮಾಣ ಮಾಡಲಾರೆ. ಇಷ್ಟಾದರೂ ಇದಕ್ಕೂ ಕ್ಯಾಲ್ಸಿಯಂ ಪುಡಿ ಬೇಕು.

ಸಾಕುವುದರಲ್ಲಿ ಇಲ್ಲಿಯವರು ಸೋಲುವುದು ನೋಡಿದರೆ ನನಗೆ ನಗುವೂ ಬರುತ್ತದೆ, ಕನಿಕರವೂ ಆಗುತ್ತದೆ. ತೊಳೆಯದ ಕೈಯಲ್ಲಿ ಮುಟ್ಟುತ್ತಾರೆ, ಮುಚ್ಚಿದ ಡಬ್ಬಿಯಲ್ಲಿ ಬೆವರು ಹನಿಯಲು ಬಿಡುತ್ತಾರೆ, ತೊಳೆದ ಸೊಪ್ಪನ್ನು ಒದ್ದೆಯಾಗಿಯೇ ಹಾಕುತ್ತಾರೆ. ಮೂರು ದಿನಕ್ಕೆ ಹುಳು ಕಪ್ಪಗಾಗಿ ನಾರುತ್ತದೆ. ಹುಳುಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 25ರಿಂದ 28 ಡಿಗ್ರಿ ಬಿಸಿ, ಗಾಳಿಯಾಡುವ ಅಗಲವಾದ ತಟ್ಟೆ, ಬಟ್ಟೆಯಲ್ಲಿ ಒರೆಸಿದ ಸೊಪ್ಪು, ದಿನಕ್ಕೊಮ್ಮೆ ಹಿಕ್ಕೆ ತೆಗೆಯುವುದು. ಚಾಕಿ ಹುಳುವಿಗೆ, ಅಂದರೆ ಮೊದಲ ದಿನಗಳ ಪುಟ್ಟ ಮರಿಗೆ, ಕೊಡಿಯ ಎಳೆ ಎಲೆ, ದೊಡ್ಡದಕ್ಕೆ ಬಲಿತ ಎಲೆ. ಪೊರೆ ಬಿಡುವ ಮುನ್ನ ಹುಳು ತಲೆ ಎತ್ತಿ ಕಲ್ಲಿನಂತೆ ನಿಲ್ಲುತ್ತದೆ. ನಾವು ಅದಕ್ಕೆ ಜ್ವರ ಎನ್ನುತ್ತೇವೆ. ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗಿನ ನಾಲ್ಕು ವಾರದೊಳಗೆ ಇಂಥ ನಾಲ್ಕು ಜ್ವರ. ಜ್ವರದ ಹುಳುವನ್ನು ಸತ್ತಿದೆ ಎಂದು ಭಾವಿಸಿ ಕಸಕ್ಕೆ ಎಸೆಯುವವರು ಇಲ್ಲಿ ಎಷ್ಟು ಜನವೋ! ಒಂದು ದಿನ ಮುಟ್ಟದೆ ಬಿಟ್ಟರೆ ಹಳೆಯ ಅಂಗಿ ಕಳಚಿ ಎದ್ದು ಕೂರುತ್ತದೆ. ಮರಿ ಗೋಸುಂಬೆಗೆ ಎರಡನೇ ಜ್ವರ ಎದ್ದ ಹುಳು, ಬೆಳೆದ ವೇಲ್ಡ್‌ಗೆ ನಾಲ್ಕನೇ ಜ್ವರದ ಹಿಂದುಮುಂದಿನ ಹುಳು ಸರಿಯಾದ ಗಾತ್ರ.

ಚಳಿಗಾಲದಲ್ಲಿ ಹಿಪ್ಪುನೇರಳೆ ಎಲೆ ಉದುರಿಸಿದಾಗ ಒಣಸೊಪ್ಪಿನ ಪುಡಿ ಸೇರಿಸಿದ ಹಿಟ್ಟು ಮಾರುಕಟ್ಟೆಯಲ್ಲಿ ಸಿಗುತ್ತದೆ. ನೀರು ಬೆರೆಸಿ ಬೇಯಿಸಿದರೆ ರಾಗಿ ಹಾಲ್ಬಾಯಿಯ ಹದಕ್ಕೆ ಗಟ್ಟಿಯಾಗುತ್ತದೆ, ತಣಿದ ಮೇಲೆ ತುರಿದು ಹಾಕಬೇಕು. ಒಂದು ಎಚ್ಚರ: ಹಿಟ್ಟಿನಿಂದ ಸೊಪ್ಪಿಗೆ ಹುಳು ಸಂತೋಷವಾಗಿ ಹೋಗುತ್ತದೆ, ಒಮ್ಮೆ ಸೊಪ್ಪಿನ ರುಚಿ ನೋಡಿದ ಮೇಲೆ ಹಿಟ್ಟಿಗೆ ಮರಳಲು ಒಪ್ಪುವುದಿಲ್ಲ. 

ಸೊಪ್ಪಿನ ವಿಷಯದಲ್ಲಿ ನಾನೂ ಒಮ್ಮೆ ಮೋಸ ಹೋದೆ. ನಮ್ಮ ಬಡಾವಣೆಯ ದಾರಿಬದಿಯಲ್ಲಿ ಸೊಗಸಾದ ಹಿಪ್ಪುನೇರಳೆ ಮರವೊಂದಿತ್ತು. ಊರು ನೆನಪಾಗಿ ಒಂದು ಚೀಲ ಕಿತ್ತು ತಂದು ಹಾಕಿದೆ. ಎರಡು ಗಂಟೆಯೊಳಗೆ ಹುಳುಗಳು ತಲೆ ಎತ್ತಿ ಒದ್ದಾಡುತ್ತ ಬಾಯಿಂದ ಹಸಿರು ನೀರು ಕಾರತೊಡಗಿದವು, ಮೈ ಮುದುಡಿ ಗಿಡ್ಡವಾಯಿತು, ಬೆಳಗಿನ ಹೊತ್ತಿಗೆ ತಟ್ಟೆ ಖಾಲಿ. ಕೆಳಗಿನ ಹುಲ್ಲಿಗೆ ಔಷಧಿ ಹೊಡೆಯುವ ದಿನ ಅದಾಗಿತ್ತು. ನಷ್ಟ ಐವತ್ತು ಹುಳುವಿಗೇ ಮುಗಿದದ್ದು ಪುಣ್ಯ. ಅಂಥ ಸೊಪ್ಪು ತಿಂದೂ ಸಾಯದ ಹುಳುವಾಗಿದ್ದರೆ ವಿಷ ನೇರವಾಗಿ ಪಚ್ಚಿಯ ಹೊಟ್ಟೆಗೆ ಹೋಗುತ್ತಿತ್ತು. ರೇಷ್ಮೆ ಹುಳು ಈ ಲೆಕ್ಕದಲ್ಲಿ ಅರಮನೆಯಲ್ಲಿ ಮೊದಲು ರುಚಿ ನೋಡುವ ಸೇವಕನಿದ್ದ ಹಾಗೆ.

ಈಗ ಹೂರಣಕ್ಕೆ ಬರೋಣ. ಅಂಗಡಿಯಿಂದ ಬಂದ ಮೀಲ್‌ವರ್ಮ್, ಸೂಪರ್‌ವರ್ಮ್‌ಗಳು ತೌಡಿನಲ್ಲೋ ಹಳೆಯ ಕಾಗದದಲ್ಲೋ ದಿನಗಟ್ಟಲೆ ಕಳೆದಿರುತ್ತವೆ. ಅವುಗಳ ಕರುಳಿನಲ್ಲಿ ಸತ್ವದ್ದು ಏನೂ ಇರುವುದಿಲ್ಲ. ಗೋಸುಂಬೆಗೆ ಕೊಡುವ ಒಂದೆರಡು ದಿನ ಮುಂಚೆ ಅವುಗಳಿಗೆ ಹೊಟ್ಟೆತುಂಬ ಒಳ್ಳೆಯ ಊಟ ಹಾಕಬೇಕು. ಸಾಸಿವೆ ಸೊಪ್ಪು, ಎಲೆಕೋಸಿನ ಜಾತಿಯ ಕಡುಹಸಿರು ಸೊಪ್ಪುಗಳು, ಕ್ಯಾರೆಟ್, ಗೆಣಸು, ಸಿಹಿಗುಂಬಳ, ಸ್ವಲ್ಪ ಪಪ್ಪಾಯಿ. ನೀರಿಗೂ ಇದೇ ಸಾಕು, ಬೇರೆ ಬಟ್ಟಲು ಇಟ್ಟರೆ ಮುಳುಗಿ ಸಾಯುತ್ತವೆ. ಪಾಲಕ್ ಬೇಡ; ಅದರ ಆಕ್ಸಲೇಟ್ ಇರುವ ಕ್ಯಾಲ್ಸಿಯಮ್ಮನ್ನೂ ಕಟ್ಟಿಹಾಕುತ್ತದೆ. ಫ್ರಿಜ್ಜಿನಿಂದ ತೆಗೆದ ಮೀಲ್‌ವರ್ಮ್ ತಣ್ಣಗಿರುವಾಗ ತಿನ್ನುವುದಿಲ್ಲ, ಕೋಣೆಯ ಬಿಸಿಗೆ ಬಂದು ಒಂದು ದಿನ ಮೇಯ್ದ ಮೇಲೆ ಬಟ್ಟಲಿಗೆ ಹೋಗಲಿ. ಈ ಹೂರಣದ ಹೆಚ್ಚಿನ ಪಾಲು ಹುಳುವಿನ ಮೈಗೆ ಸೇರುವುದಿಲ್ಲ, ಕರುಳಿನಲ್ಲಿ ಇರುವಷ್ಟು ಹೊತ್ತು ಮಾತ್ರ ಅದರ ಬೆಲೆ. ಸೋಮವಾರ ಉಣ್ಣಿಸಿ ಶುಕ್ರವಾರ ಕೊಟ್ಟರೆ ಬರೀ ಕಣಕ ಕೊಟ್ಟಂತೆ. ರೇಷ್ಮೆ ಹುಳುವಿನಲ್ಲಿ ಈ ತಾಪತ್ರಯವಿಲ್ಲ. ಅದಕ್ಕೆ ಹಿಪ್ಪುನೇರಳೆ ಬಿಟ್ಟು ಇನ್ನೊಂದು ಊಟ ಗೊತ್ತಿಲ್ಲ, ಹಗಲಿರುಳೂ ಅದನ್ನೇ ಮೇಯುತ್ತಿರುತ್ತದೆ.

ಆಮೇಲೆ ಪುಡಿ. ಅಮ್ಮನಿಗೆ ವಿಡಿಯೊ ಕರೆಯಲ್ಲಿ ಇದನ್ನು ತೋರಿಸಿದಾಗ “ಅಲ್ಲೂ ಹುಳುವಿಗೆ ಸುಣ್ಣ ಎರಚುತ್ತೀರಾ?” ಎಂದರು. ಜ್ವರದ ಹೊತ್ತಿನಲ್ಲಿ ತಟ್ಟೆಯ ಥಂಡಿ ಹೀರಲೆಂದು ಊರಿನಲ್ಲಿ ಸುಣ್ಣದ ಪುಡಿ ಉದುರಿಸುತ್ತೇವೆ. ಅದು ಬೇರೆ, ಇದು ಬೇರೆ. ಅದು ಅರಳಿದ ಸುಣ್ಣ, ಬಾಯಿ ಸುಡುತ್ತದೆ, ಗೋಸುಂಬೆ ತಿನ್ನುವ ಹುಳುವಿನ ಮೇಲೆ ಯಾವ ಕಾರಣಕ್ಕೂ ಹಾಕಬಾರದು. ಇದು ಕ್ಯಾಲ್ಸಿಯಂ ಕಾರ್ಬೊನೇಟಿನ ನಯವಾದ ಪುಡಿ, ಸರೀಸೃಪಗಳಿಗೆಂದೇ ಮಾರುವಂಥದ್ದು. ಹುಳುಗಳನ್ನು ಲೋಟಕ್ಕೆ ಹಾಕಿ ಚಿಟಿಕೆ ಪುಡಿ ಉದುರಿಸಿ ಒಂದು ಸುತ್ತು ಅಲ್ಲಾಡಿಸಿದರೆ ವಿಭೂತಿ ಹಚ್ಚಿದಷ್ಟು ತೆಳುವಾಗಿ ಹತ್ತುತ್ತದೆ, ಅಷ್ಟೇ ಸಾಕು. ಬಜ್ಜಿಯ ಹಿಟ್ಟಿನಂತೆ ಮೆತ್ತಿದರೆ ಪ್ರಾಣಿ ಒಮ್ಮೆ ಕಚ್ಚಿ ಉಗುಳುತ್ತದೆ, ಮರುದಿನ ಆ ಬಟ್ಟಲನ್ನೇ ಅನುಮಾನದಿಂದ ನೋಡುತ್ತದೆ. ನುಣ್ಣಗಿನ ಹಾರ್ನ್‌ವರ್ಮ್ ಮೇಲೆ ಪುಡಿ ನಿಲ್ಲುವುದು ಕಷ್ಟ, ಹಚ್ಚಿದ ಕೂಡಲೇ ಚಿಮಟದಲ್ಲಿ ಕೊಡುವುದು ಒಳ್ಳೆಯದು.

ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ಡಿ3 ವಿಟಮಿನ್ ಸೇರಿದ ಪುಡಿ, ಬೇರೆ ವಿಟಮಿನ್‌ಗಳ ಪುಡಿ ಎಂದು ಇನ್ನೆರಡು ಡಬ್ಬಿ ಅಂಗಡಿಯಲ್ಲಿರುತ್ತವೆ. ದಿನನಿತ್ಯದ್ದು ಡಿ3 ಇಲ್ಲದ ಬರೀ ಕ್ಯಾಲ್ಸಿಯಂ. ಡಿ3 ಮತ್ತು ವಿಟಮಿನ್ ಹದಿನೈದು ದಿನಕ್ಕೊಮ್ಮೆ. ಗೋಸುಂಬೆ ಬೇಕಾದಷ್ಟು ಡಿ3ಯನ್ನು ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಬೀರುವ ಯುವಿಬಿ ದೀಪದ ಬೆಳಕಿನಲ್ಲಿ ತಾನೇ ತಯಾರಿಸಿಕೊಂಡು, ಸಾಕಾದಾಗ ನಿಲ್ಲಿಸುತ್ತದೆ. ಬಾಯಿಂದ ಹೋದದ್ದಕ್ಕೆ ಆ ನಿಲುಗಡೆ ಇಲ್ಲ. ಡಿ3, ಎ ವಿಟಮಿನ್ ಎರಡೂ ಕೊಬ್ಬಿನಲ್ಲಿ ಕೂಡಿಕೊಳ್ಳುವಂಥವು, ದಿನಾ ಉದುರಿಸಿದರೆ ಒಳಗಿನ ಅಂಗಗಳಿಗೇ ಕುತ್ತು. ಪ್ರೀತಿ ಜಾಸ್ತಿಯಾಗಿ ಕೆಡಿಸುವುದು ಹೆಚ್ಚಾಗಿ ಇಲ್ಲೇ. ಕಿಟಕಿಯ ಗಾಜಿನ ಒಳಗಿನ ಬಿಸಿಲು ಯುವಿಬಿಯ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಸೇರಿಸಿಬಿಡುತ್ತೇನೆ, ಗಾಜು ಅದನ್ನು ತಡೆಯುತ್ತದೆ. ಆ ಬೆಳಕಿಲ್ಲದೆ ಎಷ್ಟು ಪುಡಿ ಹಾಕಿದರೂ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಬಡಿಸುವ ಕ್ರಮ ಹೀಗೆ. ಹುಳುವಿನ ದಪ್ಪ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಜೀರುಂಡೆಯ ಮರಿಗಳಿಗೆ ನುಣುಪು ಗೋಡೆಯ ಆಳದ ಬಟ್ಟಲು ಬೇಕು, ಅವು ನುಣುಪನ್ನು ಹತ್ತಲಾರವು. ಬಟ್ಟಲನ್ನು ನೆಲದಲ್ಲಿಡದೆ ಕೊಂಬೆಯ ಎತ್ತರಕ್ಕೆ ಕಟ್ಟಿದರೆ ಮರವಾಸಿಗೆ ಅನುಕೂಲ. ರಾತ್ರಿ ತಿನ್ನದೆ ಉಳಿದ ಸೂಪರ್‌ವರ್ಮ್‌ಗಳನ್ನು ಹೊರಗೆ ತೆಗೆಯಿರಿ, ಮಲಗಿದ ಪ್ರಾಣಿಯನ್ನು ಅವು ಕಚ್ಚುತ್ತವೆ. ಮರಿಗೆ ದಿನವೂ ಊಟ. ಬೆಳೆದದ್ದಕ್ಕೆ ದಿನ ಬಿಟ್ಟು ದಿನ, ನಾಲ್ಕೈದು ಹುಳು ಹುಪ್ಪಟೆ. ಇಷ್ಟು ಕಡಿಮೆಯೇ ಎಂದು ಕರುಳು ಚುರ್ ಎನ್ನಬಹುದು. ಆದರೆ ಹೆಣ್ಣು ವೇಲ್ಡ್‌ಗೆ ಕೇಳಿದಷ್ಟೂ ಹಾಕಿದರೆ ಗಂಡಿನ ಸಂಗವೇ ಇಲ್ಲದೆ ಐವತ್ತು ಅರವತ್ತು ಮೊಟ್ಟೆ ತುಂಬಿಕೊಂಡು, ಇಡಲಾಗದೆ ಸಾಯುವುದುಂಟು. ಊಟ ಹಿಡಿತದಲ್ಲಿದ್ದರೆ ಮೊಟ್ಟೆಯ ಸಂಖ್ಯೆ ತಾನಾಗಿ ಇಳಿಯುತ್ತದೆ.

ಹುಳು ಮಾತ್ರ ಸಾಕೇ? ಸಾಲದು. ನಮ್ಮ ಮನೆಯಲ್ಲಿ ವಾರದ ಅರ್ಧ ಊಟ ಮಿಡತೆಯಂಥ ಕ್ರಿಕೆಟ್ ಕೀಟಗಳದ್ದು, ಇನ್ನರ್ಧ ರೇಷ್ಮೆ ಹುಳು ಮತ್ತು ಕಪ್ಪು ನೊಣದ್ದು. ನಡುನಡುವೆ ಬಾಯಿ ಬದಲಿಸಲು ಒಂದು ಹಾರ್ನ್‌ವರ್ಮ್ ಅಥವಾ ಎರಡು ಸೂಪರ್‌ವರ್ಮ್. ವೇಲ್ಡ್ ಆದ್ದರಿಂದ ಪಚ್ಚಿ ಆಗಾಗ ಪಂಜರದ ಗಿಡದ ಎಲೆಯನ್ನೂ ಕಡಿಯುತ್ತದೆ.

ಹೋದ ತಿಂಗಳು ಲೆಕ್ಕ ತಪ್ಪಿ ಹುಳು ಹೆಚ್ಚಾಯಿತು. ತಟ್ಟೆಯಲ್ಲಿ ಏಳು ಉಳಿದು, ಮೇಯುವುದನ್ನು ನಿಲ್ಲಿಸಿ, ಮೈ ಹಳದಿ ತಿರುಗಿ ಹಣ್ಣಾದವು, ಅಂದರೆ ಗೂಡು ಕಟ್ಟಲು ಸಿದ್ಧವಾದವು. ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ಚಂದ್ರಿಕೆಯನ್ನು ಇಲ್ಲಿ ಎಲ್ಲಿಂದ ತರುವುದು? ಮೊಟ್ಟೆಯ ರಟ್ಟಿನ ಟ್ರೇಯಲ್ಲಿ ಕುಳಿಗೊಂದರಂತೆ ಬಿಟ್ಟೆ. ಮಗಳು ಎರಡು ರಾತ್ರಿ ಟಾರ್ಚು ಹಿಡಿದು ಅದರ ಮುಂದೆಯೇ ಕೂತಿದ್ದಳು. ಪತಂಗ ಹೊರಬಂದ ಮೇಲೆ ಅದನ್ನೂ ಪಚ್ಚಿಗೆ ಕೊಡಬಹುದು, ರೆಕ್ಕೆ ಬಡಿಯುತ್ತದೆಯೇ ಹೊರತು ಹಾರಲಾರದು ಎಂದು ಹೇಳಿದ್ದಕ್ಕೆ ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಏಳೂ ಗೂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಅಜ್ಜಿಗೆ ತೋರಿಸಿದಳು. ಅಮ್ಮ ಕನ್ನಡಕ ಏರಿಸಿ, ಮೊಬೈಲನ್ನು ಮುಖದ ಹತ್ತಿರಕ್ಕೆ ತಂದುಕೊಂಡು, ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಗೂಡು ನೋಡುವ ಹಾಗೆ ಒಂದು ಗಳಿಗೆ ನೋಡಿದರು.

“ಗೂಡು ತೆಳು. ಕೊನೇ ಜ್ವರ ಎದ್ದ ಮೇಲೆ ಸೊಪ್ಪು ಸಾಲದಾಗಿದೆ” ಎಂದರು.